ಮನೆ ನಕ್ಕರೆ ಮನಸ್ಸು ಬೆಳೆಯುತ್ತದೆ

ಈ ಅಂಕಣ ಓದುವವರು ಸಕಲೇಶಪುರದ ಸಂತೆಯಲ್ಲೋ ಬಾಳ್ಳುಪೇಟೆಯ ಬಸ್ ನಿಲ್ದಾಣದಲ್ಲೋ ಸಿಕ್ಕಾಗ ಪುಸ್ತಕದ ಮಾತು ಬಂದೇ ಬರುತ್ತದೆ. "ಮಗ ಪಿಯುಸಿ ಮುಗಿಸಿದ್ದಾನೆ, ನಾಲ್ಕು ಜನರ ಎದುರು ಬಾಯಿ ಬಿಡಲ್ಲ, ಧೈರ್ಯ ಬರುವಂಥ ಪುಸ್ತಕ ಒಂದು ಹೇಳಿ" ಎನ್ನುತ್ತಾರೆ ಒಬ್ಬರು. "ನಂಗೆ ಸಿಟ್ಟು ಜಾಸ್ತಿ ಸಾರ್, ಕಡಿಮೆ ಆಗೋಕೆ ಏನಾದ್ರೂ ಓದೋದಿದ್ಯಾ?" ಎನ್ನುತ್ತಾರೆ ಮತ್ತೊಬ್ಬರು. ಹೀಗೆ ಕೇಳಿದವರ ಜೊತೆ ಇನ್ನೂ ಸ್ವಲ್ಪ ಹೊತ್ತು ನಿಂತರೆ ಎರಡನೆಯ ಮಾತೊಂದು ಹೊರಬರುತ್ತದೆ: "ಏನೋಪ್ಪ, ಮನೇಲಿ ಮೊದಲಿನ ಹಾಗೆ ನಗುನೇ ಇಲ್ಲ." ಕೇಳುವವರಿಗೆ ಇವು ಎರಡು ಬೇರೆ ಬೇರೆ ಸಂಗತಿಗಳು. ನನಗೆ ಎರಡೂ ಒಂದೇ ಆಗಿ ಕಾಣುತ್ತವೆ, ಎರಡಕ್ಕೂ ಔಷಧ ಒಂದೇ ಕಪಾಟಿನಲ್ಲಿದೆ. ಮನೆಯವರೆಲ್ಲ ಸೇರಿ ನಗುವಂಥ ಒಳ್ಳೆಯ ಪುಸ್ತಕಕ್ಕಿಂತ ದೊಡ್ಡ ವ್ಯಕ್ತಿತ್ವ ವಿಕಸನದ ಪುಸ್ತಕ ಇಲ್ಲ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಉಪದೇಶದ ಪುಸ್ತಕಗಳ ವಿಚಾರ. ಅವುಗಳ ಬಗ್ಗೆ ನನಗೆ ಗೌರವವಿದೆ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಶಾಲೆಯ ಬಹುಮಾನವಾಗಿಯೋ, ಮದುವೆಯ ಉಡುಗೊರೆಯಾಗಿಯೋ ಬಂದು ಸೇರಿದ ಅದು ಹಲವರನ್ನು ಕಷ್ಟಕಾಲದಲ್ಲಿ ಎತ್ತಿ ನಿಲ್ಲಿಸಿದೆ. ಗುರುರಾಜ ಕರಜಗಿಯವರ 'ಕರುಣಾಳು ಬಾ ಬೆಳಕೆ', ನೇಮಿಚಂದ್ರರ 'ಬದುಕು ಬದಲಿಸಬಹುದು' ಇವೂ ಕನ್ನಡಿಗರು ಮತ್ತೆ ಮತ್ತೆ ಕೊಳ್ಳುವ ಪುಸ್ತಕಗಳು. ಈ ಮೂವರೂ ಬರೀ ಬುದ್ಧಿವಾದ ಹೇಳದೆ ಕತೆಗಳ ಮೂಲಕ, ನಿಜ ಮನುಷ್ಯರ ಬದುಕಿನ ಮೂಲಕ ಮಾತಾಡುತ್ತಾರೆ. ಅದಕ್ಕೇ ಅವು ಬಾಳಿವೆ. ತೊಂದರೆ ಇರುವುದು ಪುಸ್ತಕದಲ್ಲಲ್ಲ, ಉಪದೇಶ ಕೇಳುವಾಗ ನಮ್ಮ ಮನಸ್ಸು ಮಾಡುವ ಕೆಲಸದಲ್ಲಿ. ಸಿಟ್ಟು ಕೆಟ್ಟದ್ದು ಎಂಬ ಸಾಲು ಓದಿದ ಕೂಡಲೇ ಗಂಡನಿಗೆ ಹೆಂಡತಿಯ ಸಿಟ್ಟು ನೆನಪಾಗುತ್ತದೆ, ಹೆಂಡತಿಗೆ ಅತ್ತೆಯದು, ಅತ್ತೆಗೆ ಸೊಸೆಯದು. "ಇದನ್ನ ನಮ್ಮ ಯಜಮಾನ್ರು ಓದಬೇಕು" ಅಂತ ಪುಟದ ಮೂಲೆ ಮಡಚಿಡುವವರನ್ನು ನಾನು ನೋಡಿದ್ದೇನೆ. ಉಪದೇಶವನ್ನು ನಾವು ತಲೆದೂಗಿ ಒಪ್ಪಿಕೊಳ್ಳುತ್ತೇವೆ, ಆಮೇಲೆ ಪಕ್ಕದವರಿಗೆ ದಾಟಿಸುತ್ತೇವೆ.

ನಗೆಬರಹದ ದಾರಿ ಬೇರೆ. ಅದರಲ್ಲಿ ನಿಮ್ಮನ್ನು ಯಾರೂ ತಿದ್ದಲು ಬರುವುದಿಲ್ಲ, ಹಾಗಾಗಿ ಮನಸ್ಸು ಕಾವಲು ಹಾಕಿಕೊಂಡು ಕೂರುವುದಿಲ್ಲ. ಪುಸ್ತಕದೊಳಗಿನ ಜಿಪುಣ ದೊಡ್ಡಪ್ಪನನ್ನೋ, ಎಲ್ಲದಕ್ಕೂ ಮೂಗು ತೂರಿಸುವ ಅತ್ತೆಯನ್ನೋ ನೋಡಿ ನಗುತ್ತಾ ನಗುತ್ತಾ ಹೋಗಿ, ನಡುವೆ ಎಲ್ಲೋ ಒಂದು ಕಡೆ "ಅಯ್ಯೋ, ಇದು ನಾನೇ ಅಲ್ವಾ" ಅನ್ನಿಸಿಬಿಡುತ್ತದೆ. ಆ ಕ್ಷಣದಲ್ಲಿ ಅವಮಾನ ಇರುವುದಿಲ್ಲ, ನೋವು ಇರುವುದಿಲ್ಲ, ಕಂಡದ್ದು ಮಾತ್ರ ಉಳಿಯುತ್ತದೆ. ತನ್ನನ್ನು ತಾನು ಕಾಣುವುದೇ ಬೆಳೆಯುವುದರ ಮೊದಲ ಮೆಟ್ಟಿಲು ಎಂಬುದನ್ನು ಯಾವ ಗುರುವೂ ಅಲ್ಲಗಳೆಯಲಾರ.

ಕನ್ನಡದಲ್ಲಿ ಈ ಮಾತಿಗೆ ಸಾಕ್ಷಿಯಾಗಿ ಒಬ್ಬ ವೈದ್ಯರೇ ಇದ್ದಾರೆ. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ಶುರುಮಾಡಿದರು. ಮಹಾಯುದ್ಧ ನಡೆಯುತ್ತಿದ್ದ ಕಾಲ, ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಅಂಥ ಹೊತ್ತಿನಲ್ಲಿ ಹುಟ್ಟಿದ ಪತ್ರಿಕೆ 1967ರವರೆಗೆ ನಡೆಯಿತು. ಮುಂದೆ ದೇಶವೇ ಕೊಂಡಾಡಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದುಕೊಟ್ಟವರು. ಗಂಡ ಹೆಂಡಿರ ಮಾತು, ನೆಂಟರ ಉಪಚಾರ, ಮನೆಗೆಲಸದ ಪೇಚಾಟ ಎಲ್ಲವೂ ಅದರ ಪುಟಗಳಲ್ಲಿ ಬಂದವು. ಇದೇ ರಾಶಿಯವರು ಮನಸ್ಸಿನ ಒಳಗನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೆಯವರನ್ನು ನಗಿಸಿದ ಕೈಯೇ ಮನಸ್ಸಿನ ಶಾಸ್ತ್ರವನ್ನೂ ಬರೆಯಿತು. ಹಾಗಿರುವಾಗ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಒಂದು ಸಾಲಿನಲ್ಲಿ, ಹಾಸ್ಯವನ್ನು ಕೆಳಗಿನ ಇನ್ನೊಂದು ಸಾಲಿನಲ್ಲಿ ಇಡುವ ಅಭ್ಯಾಸವನ್ನು ನಾವು ಬಿಡಬೇಕು.

ನಮ್ಮ ಸೀಮೆಯವರಿಗಂತೂ ಇದಕ್ಕೆ ದೂರ ಹೋಗುವ ಅಗತ್ಯವೇ ಇಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಅಲ್ಲಿಂದ ಇಳಿದು ಸಕಲೇಶಪುರ ಪೇಟೆಯನ್ನು ದಾಟಿ, ಆಲೂರಿನ ಮಗ್ಗುಲಲ್ಲಿ ಹರಿದು ಗೊರೂರು ಸೇರುತ್ತಾಳೆ. ಹೊಳೆಯ ಮೇಲ್ಭಾಗದ ನಾಡಿನಲ್ಲಿ ಪೂರ್ಣಚಂದ್ರ ತೇಜಸ್ವಿ ಕೂತು ಬರೆದರು. ಕೆಳಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿ ಬೆಳೆದು ಬರೆದರು. ನಡುವೆ ಇರುವವರು ನಾವು. ಇಬ್ಬರು ಮಹಾ ನಗೆಗಾರರ ನಡುವೆ ಮನೆ ಮಾಡಿಕೊಂಡು, ಮನೆಯಲ್ಲಿ ನಗು ಇಲ್ಲ ಎಂದು ಕೊರಗುವುದು ನಮಗೆ ಒಪ್ಪುವುದಿಲ್ಲ.

ಗೊರೂರರು 1904ರಲ್ಲಿ ಹುಟ್ಟಿದವರು. ಗಾಂಧೀಜಿಯ ಕರೆಗೆ ಓಗೊಟ್ಟು ಶಾಲೆ ಬಿಟ್ಟವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಅಂಥವರು 1930ರಲ್ಲಿ ಕೊಟ್ಟ 'ಹಳ್ಳಿಯ ಚಿತ್ರಗಳು' ಪುಸ್ತಕದಲ್ಲಿ ಭಾಷಣವಿಲ್ಲ, ಘೋಷಣೆಯಿಲ್ಲ. ಊರಿನ ಜನ, ಅವರ ಹಟ, ಅವರ ಒಳ್ಳೆಯತನ, ಅವರ ಪೆದ್ದುತನ ಇವೇ ಅಲ್ಲಿ ತುಂಬಿವೆ. ಅವರ 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?' ಎಂಬ ಪ್ರಬಂಧದ ಹೆಸರು ಕೇಳಿದರೇ ನಮ್ಮ ಹಿರಿಯರ ಮುಖ ಅರಳುತ್ತದೆ. ಕೊಟ್ಟಿಗೆಯ ಎಮ್ಮೆಯನ್ನೂ ಮನೆಯವರ ಪೈಕಿ ಒಬ್ಬಳೆಂದು ಎಣಿಸುವ ಮನಸ್ಸು ಅಲ್ಲಿದೆ. ಗೊರೂರರ ನಗೆಯಲ್ಲಿ ನಾನು ಕಲಿತ ದೊಡ್ಡ ಪಾಠ ಇದು: ಅವರು ಯಾರನ್ನು ನೋಡಿ ನಕ್ಕರೂ ಆ ಮನುಷ್ಯ ಓದುಗನ ಕಣ್ಣಲ್ಲಿ ಸಣ್ಣವನಾಗುವುದಿಲ್ಲ. ಓದಿ ಮುಗಿಸಿದ ಮೇಲೆ ಅವನ ಮೇಲೆ ಪ್ರೀತಿ ಹೆಚ್ಚಿರುತ್ತದೆ. ಮನೆಯೊಳಗಿನ ತಮಾಷೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ನಾವು ಆಡಿದ ತಮಾಷೆ ಆದಮೇಲೆ ಆ ವ್ಯಕ್ತಿ ನಮಗೆ ಹತ್ತಿರವಾದನೋ ದೂರವಾದನೋ ನೋಡಿಕೊಂಡರೆ ಸಾಕು. ಇದೇ ಗೊರೂರರು ಇಳಿವಯಸ್ಸಿನಲ್ಲಿ ಕಡಲು ದಾಟಿ ಹೋಗಿ ಬಂದು 'ಅಮೆರಿಕದಲ್ಲಿ ಗೊರೂರು' ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಕ್ಕಳು ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರು ನಮ್ಮ ಎಸ್ಟೇಟ್ ಮನೆಗಳಲ್ಲಿ ಈಗ ಬಹಳ. ಅವರಿಗೆ ನಾನು ಮೊದಲು ಹೇಳುವ ಪುಸ್ತಕ ಅದೇ.

ಮೇಲಿನ ಮೂಡಿಗೆರೆಯ ತೇಜಸ್ವಿ ನಮ್ಮ ಹುಡುಗರಿಗೆ ಹೆಚ್ಚು ಹತ್ತಿರ, ಏಕೆಂದರೆ ಅವರ ಪುಸ್ತಕಗಳಲ್ಲಿ ಬರುವುದು ನಮ್ಮದೇ ಕಾಡು, ನಮ್ಮದೇ ತೋಟ, ನಮ್ಮದೇ ಮಳೆ. 1980ರಲ್ಲಿ ಬಂದ 'ಕರ್ವಾಲೊ' ಓದುವಾಗ ಮಂದಣ್ಣನನ್ನು ನೋಡಿ ನಗದವರಿಲ್ಲ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಪ್ರಕೃತಿತಜ್ಞನನ್ನು ಕಾಣುತ್ತಾರೆ. ಕಾದಂಬರಿ ಮುಗಿಯುವ ಹೊತ್ತಿಗೆ ನಾವು ನಕ್ಕ ನಗುವೇ ನಮ್ಮನ್ನು ಪ್ರಶ್ನೆ ಕೇಳುತ್ತದೆ. ನಮ್ಮ ಮನೆಯಲ್ಲಿ, ನಮ್ಮ ತೋಟದ ಲೈನಿನಲ್ಲಿ, ನಾವು ಶತದಡ್ಡ ಎಂದು ತಳ್ಳಿಹಾಕಿದವರಲ್ಲಿ ಎಷ್ಟು ಮಂದಣ್ಣಂದಿರು ಇದ್ದಾರೋ! ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ಮಗನನ್ನು ನೆಂಟರ ಮುಂದೆ ಹೀಯಾಳಿಸುವ ಅಪ್ಪನಿಗೆ ಯಾವ ತಜ್ಞರ ಭಾಷಣವೂ ಮುಟ್ಟಿಸಲಾರದ ಮಾತನ್ನು ಮಂದಣ್ಣ ಮುಟ್ಟಿಸುತ್ತಾನೆ.

ತೇಜಸ್ವಿಯವರ 'ಅಣ್ಣನ ನೆನಪು' ಮನೆಮಂದಿಯೆಲ್ಲ ಓದಬೇಕಾದ ಇನ್ನೊಂದು ಪುಸ್ತಕ. 1996ರಲ್ಲಿ ಪುಸ್ತಕವಾಗಿ ಬಂದ ಇದರಲ್ಲಿ 'ಅಣ್ಣ' ಎಂದರೆ ತಂದೆ ಕುವೆಂಪು. ನಾಡೆಲ್ಲ ಕೈಮುಗಿಯುವ ರಾಷ್ಟ್ರಕವಿ ಇಲ್ಲಿ ಮಕ್ಕಳ ಕೀಟಲೆಗಳ ನಡುವೆ ದಿನ ದೂಡುವ ಒಬ್ಬ ಅಪ್ಪ. ಮಗ ತನ್ನ ಅಪ್ಪನನ್ನು ಹೀಗೂ ನೋಡಬಹುದು, ನಕ್ಕು ನಕ್ಕು ಅಪಾರ ಗೌರವವನ್ನೂ ಉಳಿಸಿಕೊಳ್ಳಬಹುದು ಎಂಬುದನ್ನು ಆ ಪುಸ್ತಕ ತೋರಿಸಿಕೊಡುತ್ತದೆ. ಗೌರವ ಬೇಕಾದರೆ ಮುಖ ಬಿಗಿದುಕೊಂಡಿರಬೇಕು ಎಂದು ನಂಬಿದ ತಂದೆಯರು ಮಲೆನಾಡಿನಲ್ಲಿ ಇವತ್ತಿಗೂ ಬಹಳ ಇದ್ದಾರೆ. ಅವರು ಬಂದ ಕೂಡಲೇ ಪಡಸಾಲೆಯ ಮಾತು ನಿಲ್ಲುತ್ತದೆ, ಮಕ್ಕಳು ಒಬ್ಬೊಬ್ಬರೇ ಎದ್ದು ಒಳಗೆ ಹೋಗುತ್ತಾರೆ. ಅಂಥವರಿಗೆ ಈ ಪುಸ್ತಕವನ್ನು ಪ್ರೀತಿಯಿಂದ ಕೈಗಿಡಬೇಕು. ಕುವೆಂಪು ಅವರೇ 1933ರಲ್ಲಿ 'ಮಲೆನಾಡಿನ ಚಿತ್ರಗಳು' ಎಂಬ ಲಲಿತ ಪ್ರಬಂಧಗಳ ಪುಸ್ತಕ ಕೊಟ್ಟವರು. ಅದರಲ್ಲಿರುವ 'ಅಜ್ಜಯ್ಯನ ಅಭ್ಯಂಜನ'ಕ್ಕೆ ಮನೆಯ ಹಿರಿಯನೊಬ್ಬನ ಎಣ್ಣೆಸ್ನಾನವೇ ವಸ್ತು. ಬಚ್ಚಲ ಹಂಡೆ, ಒಲೆಯ ಹೊಗೆ, ಸೀಗೆಪುಡಿ ಕಂಡವರಿಗೆಲ್ಲ ಅದು ಸ್ವಂತ ಮನೆಯ ಕತೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಮೊಮ್ಮಗಳು ಇದನ್ನು ಗಟ್ಟಿಯಾಗಿ ಓದಿದಾಗ ಎಲ್ಲರಿಗಿಂತ ಮೊದಲು ನಕ್ಕವರು ಆ ಮನೆಯ ಅಜ್ಜನೇ. "ನಮ್ಮಪ್ಪನೂ ಥೇಟ್ ಹಿಂಗೇ ಕಣವ್ವ" ಎಂದು ಅವರು ಅಲ್ಲಿಯವರೆಗೆ ಯಾರಿಗೂ ಹೇಳದಿದ್ದ ಮನೆತನದ ಕತೆಗಳನ್ನು ತೆಗೆದರು. ಆ ಸಂಜೆ ಮುಗಿಯುವ ಹೊತ್ತಿಗೆ ಪುಸ್ತಕ ಪಕ್ಕಕ್ಕೆ ಸರಿದಿತ್ತು, ಅಜ್ಜನೇ ಪುಸ್ತಕವಾಗಿದ್ದರು.

ಇಲ್ಲಿ ಒಂದು ಎಚ್ಚರದ ಮಾತನ್ನೂ ಹೇಳಲೇಬೇಕು. ಮನೆಯ ಹಾಸ್ಯ ಎಂದರೆ ಹೆಂಡತಿಯನ್ನು ಆಡಿಕೊಳ್ಳುವುದು ಎಂದು ತಿಳಿದವರು ಬಹಳ. ಮೊಬೈಲಿನಲ್ಲಿ ಬೆಳಗಾದರೆ ಬಂದು ಬೀಳುವ ನಗೆಹನಿಗಳಲ್ಲಿ ಅರ್ಧಕ್ಕರ್ಧ ಹೆಂಡತಿ ಜಗಳಗಂಟಿ, ಹೆಂಡತಿಯ ಅಡುಗೆ ರುಚಿಯಿಲ್ಲ ಎಂಬಷ್ಟಕ್ಕೇ ನಿಲ್ಲುತ್ತವೆ. ಹಗಲೆಲ್ಲ ಕಾಫಿ ಕೊಯ್ಲಿನ ಜನರನ್ನು ನೋಡಿಕೊಂಡು, ರಾತ್ರಿ ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿ ಹಾಕಿದ ಹೆಂಗಸಿನ ಮುಂದೆ ಆ ಮಾತನ್ನು ಓದಿದರೆ ಅದು ಹಾಸ್ಯವಲ್ಲ, ಗಾಯ. ಅಂಥ ನಗು ಯಾರನ್ನೂ ಬೆಳೆಸುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟವರು ಟಿ. ಸುನಂದಮ್ಮ. ಹಾಸ್ಯ ಗಂಡಸರ ಸೊತ್ತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಕೊರವಂಜಿಗೆ ಬರೆದರು. ಅಡುಗೆಮನೆಯ ಒಳಗಿನಿಂದ, ಅತಿಥಿಗಳಿಗೆ ಕಾಫಿ ಸೋಸುವ ಹೆಣ್ಣಿನ ಕಣ್ಣಿನಿಂದ ಸಂಸಾರವನ್ನು ನೋಡಿ ನಕ್ಕರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷರಾದವರೂ ಅವರೇ. ಅವರ ಬರಹ ಓದಿದ ಗಂಡಸರಿಗೆ ತಮ್ಮ ಮನೆಯ ಇನ್ನೊಂದು ಮುಖ ಕಾಣುತ್ತದೆ, ಹೆಂಗಸರಿಗೆ ತಮ್ಮ ಮಾತನ್ನು ಯಾರೋ ಆಡಿದರು ಎಂಬ ಸಮಾಧಾನ ಸಿಗುತ್ತದೆ. ಮುಂದೆ ಭುವನೇಶ್ವರಿ ಹೆಗಡೆಯಂಥವರು ಆ ದಾರಿಯನ್ನು ಅಗಲ ಮಾಡಿದರು.

ನಮ್ಮ ಜಿಲ್ಲಾಕೇಂದ್ರ ಹಾಸನದ ಬಾನು ಮುಷ್ತಾಕ್ ಅವರನ್ನು ಈ ಸಾಲಿನಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 12 ಕತೆಗಳ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕವೊಂದಕ್ಕೆ ಆ ಗೌರವ ಅದೇ ಮೊದಲು, ಸಣ್ಣಕತೆಗಳ ಸಂಕಲನಕ್ಕೆ ಅದು ಬಂದದ್ದೂ ಅದೇ ಮೊದಲು. ಹೆಣ್ಣುಮಕ್ಕಳ ನೋವೇ ಆ ಕತೆಗಳ ಬೇರು. ಆದರೂ ಅವುಗಳ ಒಳಗೆ ನೆಂಟರ ಗಲಾಟೆ ಇದೆ, ಗಂಡಂದಿರ ಜಂಬ ಇದೆ, ಮಕ್ಕಳ ರಂಪ ಇದೆ, ನಗು ತಡೆಯಲಾಗದ ಜಾಗಗಳಿವೆ. ಹಾಸನದ ಓಣಿಯ ಸಂಸಾರದ ಮಾತು ಲಂಡನ್ನಿನವರೆಗೂ ಮುಟ್ಟಿತು ಎಂದರೆ ಮನೆಯ ಕತೆ ಸಣ್ಣ ಕತೆಯಲ್ಲ ಎಂದೇ ಅರ್ಥ. ಬಹುಮಾನ ಬಂದಾಗ ಪೇಪರಿನಲ್ಲಿ ಫೋಟೋ ನೋಡಿ ಹೆಮ್ಮೆಪಟ್ಟವರೆಲ್ಲ ಆ ಕತೆಗಳನ್ನು ಕನ್ನಡದಲ್ಲೇ ಓದಲಿ ಎಂಬುದು ನನ್ನ ಆಸೆ.

ಈಗ, ಯಾಕೆ ಒಟ್ಟಿಗೆ ಓದಬೇಕು ಎಂಬ ಮಾತು. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮನುಷ್ಯ ಒಬ್ಬನೇ ಇರುವಾಗ ನಗುವುದಕ್ಕಿಂತ ಇನ್ನೊಬ್ಬರ ಜೊತೆ ಇರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಅವರು ಕಂಡುಕೊಂಡರು. ಜನ ನಗುವುದು ಹೆಚ್ಚಾಗಿ ಜೋಕಿಗಲ್ಲ, ಜೊತೆಯಲ್ಲಿ ಆಡುವ ಸಾಧಾರಣ ಮಾತಿಗೇ ಎಂಬುದೂ ಅವರ ಅಧ್ಯಯನದಲ್ಲಿ ಗೊತ್ತಾಯಿತು. ನಗು ಹುಟ್ಟುವುದೇ ಇಬ್ಬರ ನಡುವೆ. ಒಂದೇ ಸೋಫಾದಲ್ಲಿ ಕೂತ ನಾಲ್ವರು ನಾಲ್ಕು ಮೊಬೈಲ್ ಹಿಡಿದು ಒಳಗೊಳಗೇ ಮುಗುಳ್ನಕ್ಕರೆ ಮನೆಗೆ ನಗು ಬಂದಂತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಗಟ್ಟಿಯಾಗಿ ಓದುವುದು ಮಲೆನಾಡಿಗೆ ಹೊಸದೂ ಅಲ್ಲ. ಮುಂಗಾರಿನ ರಾತ್ರಿಗಳಲ್ಲಿ ಜಗುಲಿಯಲ್ಲಿ ಒಬ್ಬರು ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ರಾಗವಾಗಿ ಓದುತ್ತಿದ್ದರೆ ಮನೆಯವರು, ಆಳುಕಾಳುಗಳು, ಪಕ್ಕದ ಮನೆಯವರು ಕೂತು ಕೇಳುತ್ತಿದ್ದ ಕಾಲ ನಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿತ್ತು. ಓದು ಬಾರದವರಿಗೂ ಆಗ ಸಾಹಿತ್ಯ ದಕ್ಕುತ್ತಿತ್ತು. ನಮ್ಮ ಈಗಿನ ಸಂಜೆಗಳು ಆ ಕಾಲದಷ್ಟೇ ದೀರ್ಘ. ಸಕಲೇಶಪುರ, ಆಲೂರು ಕಡೆಯ ಹಳ್ಳಿಗಳಲ್ಲಿ ಆನೆಗಳ ಭಯಕ್ಕೆ ಕತ್ತಲಾದ ಮೇಲೆ ಯಾರೂ ಅಂಗಳ ದಾಟುವುದಿಲ್ಲ. ಆನೆ ಯಾವ ತೋಟದಲ್ಲಿದೆ ಎಂಬ ಸಂದೇಶ ನೋಡಲು ಮೊಬೈಲ್ ಎತ್ತಿಕೊಂಡವರು ಮಲಗುವ ತನಕ ಅದನ್ನು ಕೆಳಗಿಡುವುದಿಲ್ಲ. ಜೂನ್ ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರುವುದೇ ಇಲ್ಲ. ಮನೆಯವರೆಲ್ಲ ಒಂದೇ ಸೂರಿನಡಿ ಇರುವ ಆ ಹೊತ್ತನ್ನು ನಾವು ಬೇಸರ ಎಂದು ಕರೆದು ಕಳೆಯುತ್ತಿದ್ದೇವೆ.

ಆ ಹೊತ್ತಿನಲ್ಲಿ ಓದಿಗೆ ಕೂರುವವರಿಗೆ ನನ್ನ ಅನುಭವದಲ್ಲಿ ಕಂಡ ಕೆಲವು ಸಂಗತಿ ಹೇಳುತ್ತೇನೆ. ದಪ್ಪ ಕಾದಂಬರಿಯಿಂದ ಶುರುಮಾಡಬೇಡಿ. ಊಟವಾದ ಮೇಲೆ ಕಾಲು ಗಂಟೆಯಲ್ಲಿ ಮುಗಿಯುವ ಪ್ರಬಂಧ ತೆಗೆದುಕೊಳ್ಳಿ, ಗೊರೂರರದ್ದೋ ಸುನಂದಮ್ಮನವರದ್ದೋ ಇರಲಿ. ಓದುವವರು ಒಬ್ಬರೇ ಆಗಬಾರದು, ಒಂದು ದಿನ ಅಮ್ಮ, ಇನ್ನೊಂದು ದಿನ ಮಗ, ಅಕ್ಷರ ತಡವರಿಸುವ ಅಜ್ಜಿಯೂ ಒಂದು ಪುಟ ಓದಲಿ. ಓದಿದ ಮೇಲೆ "ಇದರ ನೀತಿ ಏನು ಹೇಳು ನೋಡೋಣ" ಎಂದು ಮಕ್ಕಳನ್ನು ದಯವಿಟ್ಟು ಕೇಳಬೇಡಿ. ಆ ಒಂದು ಪ್ರಶ್ನೆಗೆ ಪುಸ್ತಕ ಪಾಠವಾಗಿಬಿಡುತ್ತದೆ, ಮಗು ಮಾರನೆಯ ದಿನ ಹತ್ತಿರ ಬರುವುದಿಲ್ಲ. "ಇದು ನಿನ್ನ ಹಾಗೇ ಇದೆ" ಎಂದು ಇನ್ನೊಬ್ಬರ ಕಡೆ ಬೆರಳು ತೋರಿಸುವುದೂ ಬೇಡ. ಯಾರಿಗೆ ಯಾವ ಸಾಲು ಮುಟ್ಟಬೇಕೋ ಅದು ಅವರಿಗೆ ತಾನೇ ಮುಟ್ಟುತ್ತದೆ. ಮನೆಯ ಯಜಮಾನರು ಮಾತ್ರ ಒಂದು ಕೆಲಸ ಮಾಡಬಹುದು: "ಇದು ನನ್ನ ಹಾಗೇ ಇದೆ" ಎಂದು ಮೊದಲು ಒಪ್ಪಿಕೊಂಡು ನಗಬಹುದು. ಮನೆಯಲ್ಲಿ ದೊಡ್ಡವರು ತಮ್ಮ ಮೇಲೆ ತಾವೇ ನಕ್ಕ ದಿನ ಚಿಕ್ಕವರಿಗೆ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ. ನಾಲ್ಕು ಜನರ ಎದುರು ಬಾಯಿ ಬಿಡದ ಹುಡುಗ ಮೊದಲು ಬಾಯಿ ಬಿಡಬೇಕಾದ್ದು ಮನೆಯ ನಾಲ್ಕು ಜನರ ಎದುರೇ ಅಲ್ಲವೇ? ಹೆದರಿಕೆಯಿಲ್ಲದೆ ಗಟ್ಟಿಯಾಗಿ ಓದಿ, ಕೇಳುವವರನ್ನು ನಗಿಸಿದ ಮಗುವಿಗೆ ಸಭಾಕಂಪನ ಬಿಡಿಸುವ ತರಬೇತಿ ಶಿಬಿರ ಬೇಕಾಗುವುದಿಲ್ಲ.

ಪುಸ್ತಕ ಎಲ್ಲಿ ತರುವುದು ಎಂಬ ಚಿಂತೆ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಪಂಚಾಯಿತಿಯ ಕೇಂದ್ರದಲ್ಲಿ ಗೊರೂರು, ತೇಜಸ್ವಿ, ಸುನಂದಮ್ಮ, ಬಾನು ಮುಷ್ತಾಕ್ ಇದ್ದಾರೆಯೇ ಎಂದು ಹೋಗಿ ಕೇಳಿ. ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದುಕೊಡಿ. ಲೈನ್‌ಮನೆಯ ಮಕ್ಕಳ ಹೆಸರನ್ನೂ ನಿಮ್ಮ ಮಕ್ಕಳ ಜೊತೆಗೇ ಅಲ್ಲಿ ಬರೆಸಿ. ತೋಟದ ಯಜಮಾನರು ಒಂದು ಮೂಟೆ ಗೊಬ್ಬರದ ಹಣದಲ್ಲಿ ಕೆಲವು ಒಳ್ಳೆಯ ಪುಸ್ತಕ ಕೊಂಡು ಕೊಡಬಹುದು.

ನಿಮ್ಮ ಮಗನ ಧೈರ್ಯಕ್ಕೆ, ನಿಮ್ಮ ಸಿಟ್ಟಿಗೆ, ನಿಮ್ಮ ಮನೆಯ ಮೌನಕ್ಕೆ ಬೇರೆ ಬೇರೆ ಪುಸ್ತಕ ಹುಡುಕಬೇಡಿ. ಈ ಮಳೆಗಾಲದಲ್ಲಿ ಒಂದು ನಗೆಪುಸ್ತಕ ಮನೆಗೆ ತನ್ನಿ, ಮೊದಲ ಪುಟವನ್ನು ನೀವೇ ಗಟ್ಟಿಯಾಗಿ ಓದಿ.